ನಮ್ಮ ಲಾ ಕಾಲೇಜಿಗೆ ಹೊಸ ಕಟ್ಟಡ ಬಂತು, ಸಂಜೆ ಬೀಗ ಹಾಕಬೇಡಿ

ನಾನು ಓದಿದ ಲಾ ಕಾಲೇಜು ಹೊಸ ಕಟ್ಟಡಕ್ಕೆ ಬಂದಿದೆ. ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪಿನಲ್ಲಿ ದಿನಾ ಫೋಟೋಗಳು. ಗಾಜಿನ ಮುಂಭಾಗ, ಗ್ರಾನೈಟ್ ಮೆಟ್ಟಿಲು, ಲಿಫ್ಟು, ತೇಗದ ಪೀಠ ಇರುವ ಮೂಟ್ ಕೋರ್ಟ್ ಹಾಲ್, ಅಂದರೆ ವಿದ್ಯಾರ್ಥಿಗಳು ಕೋರ್ಟಿನ ಹಾಗೇ ವಾದ ಮಾಡಿ ಅಭ್ಯಾಸ ಮಾಡುವ ಜಾಗ. ಎಲ್ಲಾ ಚೆನ್ನಾಗಿದೆ. ಆದರೆ ಡ್ರಾಫ್ಟಿಂಗ್ (ದಾವೆ, ನೋಟಿಸ್, ಅರ್ಜಿ ಬರೆಯುವ) ಕ್ಲಾಸ್ ತೆಗೆದುಕೊಳ್ಳಲು ಅಲ್ಲಿಗೆ ಹೋಗಿಬರುವ ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಮೊದಲ ಮಹಡಿಯ ಕಾರಿಡಾರು. ಒಳ್ಳೇ ಅಗಲವಾಗಿದೆ. ಉದ್ದಕ್ಕೂ ಗೋಡೆಗೆ ಸೇರಿಸಿ ಕಲ್ಲಿನ ಕಟ್ಟೆ ಕಟ್ಟಿದ್ದಾರೆ. ಗಾಳಿ ಬೆಳಕು ಧಾರಾಳ. ಕ್ಲಾಸ್ ಮುಗಿದ ಮೇಲೂ ಹುಡುಗರು, ಹುಡುಗಿಯರು ಅಲ್ಲೇ ಕೂತಿರುತ್ತಾರೆ. ಓದುತ್ತಾರೆ, ವಾದ ಮಾಡುತ್ತಾರೆ, ಒಬ್ಬರ ಟಿಫಿನ್ ಇನ್ನೊಬ್ಬರು ಖಾಲಿ ಮಾಡುತ್ತಾರೆ, ಮತ್ತೆ ಓದುತ್ತಾರೆ.

ಇದರಲ್ಲಿ ಏನು ವಿಶೇಷ ಅಂತ ಕೇಳಬಹುದು. ನಮ್ಮ ಹಳೇ ಕಟ್ಟಡ ನೋಡಿದವರು ಕೇಳುವುದಿಲ್ಲ.

ಹಳೇ ಕಟ್ಟಡ ನಮ್ಮದೊಬ್ಬರದೇ ಆಗಿರಲಿಲ್ಲ. ಬೆಂಗಳೂರಿನಲ್ಲಿ ಎಷ್ಟೋ ಟ್ರಸ್ಟ್‌ಗಳು ಒಂದೇ ಕಟ್ಟಡದಲ್ಲಿ ಪಿಯು, ಡಿಗ್ರಿ, ಲಾ ಮೂರನ್ನೂ ನಡೆಸುತ್ತವೆ ಅಲ್ವಾ, ನಮ್ಮದೂ ಹಾಗೇ ಇತ್ತು. ಬೆಳಗ್ಗೆ ಬೇಗ ಲಾ ಕ್ಲಾಸು ಶುರು. ಮಧ್ಯಾಹ್ನದ ಹೊತ್ತಿಗೆ ಬಿ.ಕಾಂ. ಓದುವವರು ಬ್ಯಾಗ್ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದರು. ಕೊನೆಯ ಪೀರಿಯಡ್ ಮುಗಿದ ತಕ್ಷಣ ಜಾಗ ಬಿಡಬೇಕು. ಲೈಬ್ರರಿಯಲ್ಲಿ ಪುಸ್ತಕ ಇತ್ತು, ಕೂತು ಓದುವುದಕ್ಕೆ ಕುರ್ಚಿ ಸಾಲುತ್ತಿರಲಿಲ್ಲ. ಹಾಗಾಗಿ ಎಲ್ಲರೂ ಚದುರಿಹೋಗುತ್ತಿದ್ದೆವು. ಕೆಲವರು ಪಿ.ಜಿ.ಗೆ, ಕೆಲವರು ಕೆಲಸಕ್ಕೆ, ಕೆಲವರು ವಿಜಯನಗರದ ಕಡೆ ದುಡ್ಡು ಕೊಟ್ಟು ಕೂರುವ ಸ್ಟಡಿ ಸೆಂಟರ್‌ಗೆ. ಒಂದೇ ಕ್ಲಾಸಿನಲ್ಲಿ ಮೂರು ವರ್ಷ ಕೂತರೂ ಕೆಲವರ ಊರು ಯಾವುದು ಅಂತಲೇ ನನಗೆ ಗೊತ್ತಾಗಲಿಲ್ಲ. ಸೀನಿಯರ್‌ಗಳ ಮುಖ ಫ್ರೆಷರ್ಸ್ ಡೇ ದಿನ ನೋಡಿದರೆ ಆಯಿತು.

ಇದರಿಂದ ನಷ್ಟ ಆಗುವುದು ಯಾರಿಗೆ ಅನ್ನುವುದು ಮುಖ್ಯ. ಲಾ ಓದುವವರಲ್ಲಿ ಮನೆಯಲ್ಲಿ ವಕೀಲರು ಇರುವವರು ಒಂದು ಕಡೆ, ಇಲ್ಲದವರು ಇನ್ನೊಂದು ಕಡೆ. ಅಪ್ಪನೋ ದೊಡ್ಡಪ್ಪನೋ ವಕೀಲರಾಗಿದ್ದರೆ ಎಷ್ಟೋ ವಿಷಯ ಊಟದ ಹೊತ್ತಿಗೇ ಕಿವಿಗೆ ಬೀಳುತ್ತದೆ. ದಾವೆ ಹಾಕಿದ ಮೇಲೆ ಕೋರ್ಟ್ ಕಚೇರಿಯವರ ಆಕ್ಷೇಪಣೆ (ಆಫೀಸ್ ಅಬ್ಜೆಕ್ಷನ್) ಬಂದರೆ ಏನು ಮಾಡಬೇಕು, ಆ ದಿನದ ಕೇಸುಗಳ ಪಟ್ಟಿ, ಅಂದರೆ ಕಾಸ್ ಲಿಸ್ಟ್ ನೋಡುವುದು ಹೇಗೆ, ಜಡ್ಜ್ ಮಾತಾಡುವಾಗ ಯಾವಾಗ ಸುಮ್ಮನಿರಬೇಕು, ಪಾಟೀಸವಾಲಿನಲ್ಲಿ ಯಾವ ಪ್ರಶ್ನೆ ಕೇಳಲೇಬಾರದು. ಇದ್ಯಾವುದೂ ಪಠ್ಯದಲ್ಲಿ ಸರಿಯಾಗಿ ಇಲ್ಲ. ಸಿಂಧನೂರಿನಿಂದಲೋ ಪಾವಗಡದಿಂದಲೋ ಬಂದ, ಮನೆಯಲ್ಲಿ ಮೊದಲ ಸಲ ಡಿಗ್ರಿ ಓದುತ್ತಿರುವ ಹುಡುಗಿಗೆ ಇದನ್ನೆಲ್ಲ ಯಾರು ಹೇಳಿಕೊಡಬೇಕು? ಸೀನಿಯರ್‌ಗಳು, ಜೊತೆಯವರು. ಅವರು ಸಿಗಬೇಕಾದರೆ ಸಿಗುವುದಕ್ಕೊಂದು ಜಾಗ ಬೇಕು. ಅದಕ್ಕೇ ಆ ಕಲ್ಲಿನ ಕಟ್ಟೆಗೆ ನಾನು ಇಷ್ಟು ಬೆಲೆ ಕೊಡುತ್ತಿರುವುದು.

ಬೆಂಗಳೂರಿನಲ್ಲಿ ಲಾ ಸ್ಕೂಲ್ ಅಂದರೆ ದೇಶಕ್ಕೆಲ್ಲ ನೆನಪಾಗುವುದು ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲ್. ಕಾನೂನು ಶಿಕ್ಷಣ ತಜ್ಞ ಎನ್.ಆರ್. ಮಾಧವ ಮೆನನ್ ಅವರ ಮುಂದಾಳತ್ವದಲ್ಲಿ 1988ರಲ್ಲಿ ಕ್ಲಾಸ್ ಶುರುವಾದಾಗ ಅದಕ್ಕೂ ಸ್ವಂತ ಕಟ್ಟಡ ಇರಲಿಲ್ಲ. ಸೆಂಟ್ರಲ್ ಕಾಲೇಜಿನ ಆವರಣದಲ್ಲಿ ಜಾಗ ಮಾಡಿಕೊಂಡು ಶುರು ಮಾಡಿದರು. ಆಮೇಲೆ ನಾಗರಭಾವಿಗೆ ಹೋಗಿದ್ದು. ಅಲ್ಲಿನ ಐದು ವರ್ಷದ ಕೋರ್ಸು, ಅಲ್ಲಿನ ಪಾಠದ ಕ್ರಮ ಇದನ್ನೆಲ್ಲ ಆಮೇಲೆ ಬೇರೆ ರಾಜ್ಯಗಳೂ ಅನುಸರಿಸಿದವು. ನನ್ನ ಪ್ರಕಾರ ಆ ಯಶಸ್ಸಿಗೆ ಒಂದು ಕಾರಣ ಎಲ್ಲರೂ ಒಂದೇ ಆವರಣದಲ್ಲಿ ಇರುವುದು. ಹಾಸ್ಟೆಲ್, ಮೆಸ್ಸು, ಲೈಬ್ರರಿ ಎಲ್ಲ ನಡೆದು ಹೋಗುವಷ್ಟು ಹತ್ತಿರ. ರಾತ್ರಿ ಒಂದು ಸಂದೇಹ ಬಂದರೆ ಪಕ್ಕದ ರೂಮಿನ ಬಾಗಿಲು ತಟ್ಟಬಹುದು.

ಅಲ್ಲಿ ಕರ್ನಾಟಕದ ಮಕ್ಕಳಿಗೆ ಎಷ್ಟು ಜಾಗ ಅನ್ನುವ ಪ್ರಶ್ನೆ ಬೇರೆಯದೇ ದೊಡ್ಡ ಕಥೆ. 2020ರಲ್ಲಿ ರಾಜ್ಯ ಸರ್ಕಾರ ಕಾನೂನು ತಿದ್ದಿ ಶೇ. 25ರಷ್ಟು ಸೀಟು ಕೊಡಲು ಹೊರಟಾಗ ಹೈಕೋರ್ಟ್ ಅದನ್ನು ರದ್ದು ಮಾಡಿತು. ಆಮೇಲೆ ವಿಶ್ವವಿದ್ಯಾಲಯವೇ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ. 25 ಮೀಸಲು ತಂದಿತು. ನನಗೆ ಅದು ಸರಿ ಅನ್ನಿಸುತ್ತದೆ. ಆದರೂ ಅಲ್ಲಿ ಸೀಟು ಸಿಗುವವರು ಸ್ವಲ್ಪ ಜನ. ಕ್ಲಾಟ್ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು, ಅದಕ್ಕೆ ಕೋಚಿಂಗ್ ಬೇಕು, ಇಂಗ್ಲಿಷ್ ಚೆನ್ನಾಗಿರಬೇಕು. ನಾಳೆ ನಮ್ಮ ತಾಲ್ಲೂಕು ಕೋರ್ಟುಗಳಲ್ಲಿ, ಬೆಂಗಳೂರಿನ ಸಿವಿಲ್ ಕೋರ್ಟಿನಲ್ಲಿ ಜನರ ಪರ ನಿಲ್ಲುವ ವಕೀಲರಲ್ಲಿ ಬಹಳ ಜನ ನಮ್ಮಂಥ ಕಾಲೇಜುಗಳಿಂದ ಬರುತ್ತಾರೆ. ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ, ಬೆಳಗ್ಗೆ ಬಸ್ಸಲ್ಲಿ ಬಂದು ಹೋಗುವ ವಿದ್ಯಾರ್ಥಿಗಳ ಕಾಲೇಜುಗಳು. ಇಲ್ಲಿ ಹಾಸ್ಟೆಲ್ ಮಾಡುವ ಕೆಲಸವನ್ನೂ ಕಟ್ಟಡವೇ ಮಾಡಬೇಕು.

ವಕೀಲಿಕೆ, ಕಾನೂನು ಶಿಕ್ಷಣ ಎರಡನ್ನೂ ನೋಡಿಕೊಳ್ಳುವ ಬಾರ್ ಕೌನ್ಸಿಲ್‌ನ 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ ಕಾಲೇಜಿನಲ್ಲಿ ಏನೇನು ಇರಬೇಕು ಅಂತ ಬರೆದಿದೆ. ಕ್ಲಾಸಿನ ಒಂದು ಸೆಕ್ಷನ್‌ಗೆ 60 ಜನಕ್ಕಿಂತ ಜಾಸ್ತಿ ಇರಬಾರದು. ಮೂಟ್ ಕೋರ್ಟ್ ಬೇಕು, ಜನರಿಗೆ ಉಚಿತ ಕಾನೂನು ನೆರವು ಕೊಡುವ ಲೀಗಲ್ ಏಡ್ ಸೆಂಟರ್ ಬೇಕು, ಲೈಬ್ರರಿ ಬೇಕು. ಕಟ್ಟಡ ಕಟ್ಟುವವರು ಈ ಪಟ್ಟಿ ಇಟ್ಟುಕೊಂಡು ಒಂದೊಂದಕ್ಕೆ ಒಂದೊಂದು ರೂಮು ಕೊಡುತ್ತಾರೆ, ಬಾಗಿಲ ಮೇಲೆ ಬೋರ್ಡ್ ಹಾಕುತ್ತಾರೆ, ಇನ್‌ಸ್ಪೆಕ್ಷನ್‌ಗೆ ಬಂದವರಿಗೆ ತೋರಿಸುತ್ತಾರೆ. ಸೀನಿಯರ್, ಜೂನಿಯರ್ ಒಟ್ಟಿಗೆ ಕೂರುವುದಕ್ಕೆ ಒಂದು ಜಾಗ ಬೇಕು ಅಂತ ಪ್ರತ್ಯೇಕವಾಗಿ ಯಾರೂ ಕೇಳುವುದಿಲ್ಲ. ಹಾಗಿದ್ದರೂ ನಮ್ಮ ಆರ್ಕಿಟೆಕ್ಟ್ ಆ ಕಾರಿಡಾರು ಮಾಡಿದ್ದಾರೆ. ಅವರಿಗೆ ನನ್ನ ನಮಸ್ಕಾರ.

ಈಗ ಅಲ್ಲಿ ನಡೆಯುವುದನ್ನು ಹೇಳುತ್ತೇನೆ. 2024ರ ಜುಲೈ 1ರಿಂದ ಅಪರಾಧ, ಶಿಕ್ಷೆಗಳ ಹಳೇ ಕಾನೂನು ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) ಬಂತು. ಕ್ರಿಮಿನಲ್ ಕೇಸು ನಡೆಸುವ ಕ್ರಮ ಹೇಳುವ ಸಿಆರ್‌ಪಿಸಿ, ಸಾಕ್ಷ್ಯದ ಎವಿಡೆನ್ಸ್ ಆಕ್ಟ್ ಕೂಡ ಬದಲಾದವು. ಐಪಿಸಿಯಲ್ಲಿ 511 ಸೆಕ್ಷನ್, ಹೊಸದರಲ್ಲಿ 358. ಕೊಲೆಗೆ 302 ಇದ್ದದ್ದು 103 ಆಯಿತು. ಸಿನಿಮಾ ನೋಡುವವರಿಗೂ ಬಾಯಿಪಾಠ ಇರುವ 420 ಈಗ 318ರೊಳಗೆ ಹೋಗಿದೆ. ಆದರೆ ಆ ದಿನಾಂಕಕ್ಕೆ ಮುಂಚೆ ನಡೆದ ಅಪರಾಧಗಳಿಗೆ ಐಪಿಸಿಯೇ ಅನ್ವಯ. ಕೋರ್ಟಿನಲ್ಲಿ ಆ ಕೇಸುಗಳು ಇನ್ನೂ ಎಷ್ಟೋ ವರ್ಷ ನಡೆಯುತ್ತವೆ. ಹಾಗಾಗಿ ಈಗ ಓದುವವರಿಗೆ ಎರಡೂ ಬೇಕು. ಹಿರಿಯ ಬ್ಯಾಚಿನವರು ಓದಿದ್ದು ಐಪಿಸಿ, ಹೊಸಬರು ಓದುತ್ತಿರುವುದು ಬಿಎನ್‌ಎಸ್. ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲ.

ಕಾರಿಡಾರಿನ ಗೋಡೆಗೆ ಹುಡುಗರು ದೊಡ್ಡ ಚಾರ್ಟ್ ಅಂಟಿಸಿದ್ದಾರೆ. ಎಡಗಡೆ ಹಳೇ ನಂಬರು, ಬಲಗಡೆ ಹೊಸದು, ಕೊನೆಗೆ ಏನು ಬದಲಾಯಿತು ಅಂತ ಕನ್ನಡದಲ್ಲಿ ಒಂದು ಸಾಲು. ಯಾವ ಲೆಕ್ಚರರ್ ಕೂಡ ಹೇಳಿ ಮಾಡಿಸಿದ್ದಲ್ಲ. ಒಂದು ದಿನ ನಾನು ಹೋದಾಗ ಸರಗಳ್ಳತನದ ಬಗ್ಗೆ ಚರ್ಚೆ ಜೋರಾಗಿತ್ತು. ಬೈಕಲ್ಲಿ ಬಂದು ಕತ್ತಿನ ಸರ ಕಿತ್ತುಕೊಂಡು ಹೋಗುವುದು ಬೆಂಗಳೂರಿನವರಿಗೆ ಹೊಸ ವಿಷಯವೇ ಅಲ್ಲ. ಐಪಿಸಿಯಲ್ಲಿ ಅದಕ್ಕೆ ಅಂತ ಬೇರೆ ಸೆಕ್ಷನ್ ಇರಲಿಲ್ಲ, ಸಂದರ್ಭ ನೋಡಿ ಕಳ್ಳತನ ಅಂತಲೋ ದರೋಡೆ ಅಂತಲೋ ಹಾಕುತ್ತಿದ್ದರು. ಬಿಎನ್‌ಎಸ್‌ನಲ್ಲಿ 304 ಅಂತ ಬೇರೆಯೇ ಬಂದಿದೆ, ಮೂರು ವರ್ಷದವರೆಗೆ ಶಿಕ್ಷೆ. "ಕತ್ತಿಗೆ ಗಾಯ ಆದರೆ 304 ಸಾಕಾ ಅಕ್ಕ, ಇಲ್ಲ ರಾಬರಿ ಹಾಕಬೇಕಾ?" ಅಂತ ಒಬ್ಬ ಹುಡುಗ ಫೈನಲ್ ಇಯರ್ ಹುಡುಗಿಯೊಬ್ಬಳನ್ನು ಕೇಳುತ್ತಿದ್ದ. ಆಕೆ ತಕ್ಷಣ ಉತ್ತರ ಕೊಡಲಿಲ್ಲ. ಎದ್ದು ಹೋಗಿ ಲೈಬ್ರರಿಯಿಂದ ಬೇರ್ ಆಕ್ಟ್, ಅಂದರೆ ಕಾಯ್ದೆ ಮಾತ್ರ ಇರುವ ಪುಸ್ತಕ ತಂದಳು. ಸರ ಎಳೆದುಕೊಳ್ಳುವುದಕ್ಕೋಸ್ಕರವೇ ಗಾಯ ಮಾಡಿದನಾ, ಇಲ್ಲ ಎಳೆಯುವಾಗ ತಾನಾಗಿ ಆಯಿತಾ ಅಂತ ಅಲ್ಲಿಂದ ಇನ್ನೊಂದು ಸುತ್ತು ಶುರುವಾಯಿತು. ಕ್ಲಾಸಿನಲ್ಲಿ ನಾನು ಇದನ್ನು ಹೇಳಿದ್ದರೆ ನೋಟ್ಸ್ ಬರೆದುಕೊಂಡು ಸುಮ್ಮನಾಗುತ್ತಿದ್ದರು. ಇಲ್ಲಿ ಅವರೇ ಹುಡುಕಿದರು.

ಆ ಗುಂಪಿನಲ್ಲಿ ಎಲ್ಲರೂ ಇಪ್ಪತ್ತರ ಆಸುಪಾಸಿನವರಲ್ಲ. ಮೂರು ವರ್ಷದ ಎಲ್‌ಎಲ್‌ಬಿಗೆ ಎಲ್ಲ ವಯಸ್ಸಿನವರೂ ಬರುತ್ತಾರೆ. ಬ್ಯಾಂಕಿನಿಂದ ರಿಟೈರ್ ಆದ ಒಬ್ಬರು ಇದ್ದಾರೆ, ಎಲ್ಲರೂ ಅವರನ್ನು ಅಂಕಲ್ ಅಂತಾರೆ. ಚೆಕ್ ಬೌನ್ಸ್ ಪಾಠ ಬಂದಾಗ ಕಟ್ಟೆ ಮೇಲೆ ಅವರದೇ ಕ್ಲಾಸು. ಚೆಕ್ ವಾಪಸ್ ಬಂದ ವಿಷಯ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸ್ ಕೊಡಬೇಕು, ನೋಟಿಸ್ ಮುಟ್ಟಿದ ಮೇಲೆ ದುಡ್ಡು ಕಟ್ಟುವುದಕ್ಕೆ 15 ದಿನ, ಕಟ್ಟದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಕಂಪ್ಲೇಂಟ್. ಪುಸ್ತಕದಲ್ಲಿ ಇದು ಇಷ್ಟೇ. ಆದರೆ ಚೆಕ್ ವಾಪಸ್ ಮಾಡುವಾಗ ಬ್ಯಾಂಕ್ ಕೊಡುವ ರಿಟರ್ನ್ ಮೆಮೊ ಅಂದರೆ ನೋಡುವುದಕ್ಕೆ ಹೇಗಿರುತ್ತದೆ, ಅದರಲ್ಲಿ ಕಾರಣ ಎಲ್ಲಿ ಬರೆದಿರುತ್ತಾರೆ, ಗಿರಾಕಿಗಳು ಯಾವ ನೆಪ ಹೇಳುತ್ತಾರೆ ಅನ್ನುವುದನ್ನು ಅವರು ಹೇಳುತ್ತಾರೆ. ಅವರಿಗೆ ಕಂಪ್ಯೂಟರಿನಲ್ಲಿ ಜಡ್ಜ್‌ಮೆಂಟ್ ಹುಡುಕುವುದನ್ನು ಹುಡುಗರು ಹೇಳಿಕೊಡುತ್ತಾರೆ. ಬಸವನಗುಡಿಯಿಂದ ಬರುವ ಇಂಗ್ಲಿಷ್ ಮೀಡಿಯಂ ಹುಡುಗನೂ ಮಾಗಡಿಯಿಂದ ಬರುವ ಕನ್ನಡ ಮೀಡಿಯಂ ಹುಡುಗಿಯೂ ಅಲ್ಲಿ ಒಂದೇ ಪುಸ್ತಕಕ್ಕೆ ತಲೆ ಬಗ್ಗಿಸಿರುತ್ತಾರೆ.

ಕನ್ನಡ ಮೀಡಿಯಂ ವಿಷಯ ಇಲ್ಲಿ ಹೇಳಲೇಬೇಕು. ನಮ್ಮ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಆದರೆ ಪಾಠ ಹೆಚ್ಚಾಗಿ ಇಂಗ್ಲಿಷಿನಲ್ಲಿ, ತೀರ್ಪುಗಳು ಇಂಗ್ಲಿಷಿನಲ್ಲಿ, ಒಳ್ಳೇ ಪುಸ್ತಕಗಳೂ ಇಂಗ್ಲಿಷಿನಲ್ಲಿ. ಸಂವಿಧಾನದ 348ನೇ ವಿಧಿಯ ಪ್ರಕಾರ ಹೈಕೋರ್ಟು, ಸುಪ್ರೀಂ ಕೋರ್ಟಿನ ಭಾಷೆ ಇಂಗ್ಲಿಷ್. ಕೆಳಗಿನ ಕೋರ್ಟಿಗೆ ಬನ್ನಿ, ಸಾಕ್ಷಿ ಕಟಕಟೆಯಲ್ಲಿ ನಿಂತು ಕನ್ನಡದಲ್ಲಿ ಹೇಳುತ್ತಾನೆ, ಪಹಣಿ ಕನ್ನಡದಲ್ಲಿರುತ್ತದೆ, ಮಹಜರು ಕನ್ನಡದಲ್ಲಿರುತ್ತದೆ. ಅಲ್ಲಿ ಚೆನ್ನಾಗಿ ಕನ್ನಡ ಬಲ್ಲ ವಕೀಲನೇ ಪಾಟೀಸವಾಲಿನಲ್ಲಿ ಗೆಲ್ಲುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆದರೆ ಫಸ್ಟ್ ಸೆಮಿಸ್ಟರ್‌ನಲ್ಲಿ ಕಾಂಟ್ರ್ಯಾಕ್ಟ್ ಪುಸ್ತಕ ತೆರೆದು ಒಂದು ಪುಟವೂ ಅರ್ಥವಾಗದೆ ಕಾಲೇಜು ಬಿಟ್ಟುಹೋಗುವವರು ಆ ದಿನದವರೆಗೆ ಉಳಿಯುವುದೇ ಇಲ್ಲ. ನನ್ನ ಬ್ಯಾಚಿನಲ್ಲೂ ಹಾಗೆ ಬಿಟ್ಟುಹೋದವರಿದ್ದರು. ಊರಲ್ಲಿ ಈಗ ಏನೋ ಮಾಡಿಕೊಂಡಿದ್ದಾರೆ. ಅವರಲ್ಲಿ ಒಬ್ಬಳ ನೆನಪಿನ ಶಕ್ತಿ ನಮ್ಮೆಲ್ಲರಿಗಿಂತ ಚೆನ್ನಾಗಿತ್ತು. ಆಕೆ ಬಿಟ್ಟಿದ್ದು ನನಗೆ ಇವತ್ತಿಗೂ ಬೇಜಾರು.

ಈಗಿನವರು ಇದಕ್ಕೊಂದು ದಾರಿ ಮಾಡಿಕೊಂಡಿದ್ದಾರೆ. ಸಂಜೆ ಇಬ್ಬರು ಸೀನಿಯರ್‌ಗಳು ಕೂತು ಆ ವಾರ ಆದ ಪಾಠವನ್ನು ಕನ್ನಡದಲ್ಲಿ ಮತ್ತೆ ಹೇಳುತ್ತಾರೆ. ಕಷ್ಟದ ಇಂಗ್ಲಿಷ್ ಪದಗಳನ್ನು ಹಾಗೇ ಬಿಟ್ಟು, ಸುತ್ತಲಿನ ವಿಷಯವನ್ನು ಕನ್ನಡದಲ್ಲಿ ಬಿಡಿಸಿ ನೋಟ್ಸ್ ಬರೆಸುತ್ತಾರೆ. ಆ ನೋಟ್ಸ್ ಜೆರಾಕ್ಸ್ ಆಗಿ ಕ್ಲಾಸಿಗೆಲ್ಲ ಹೋಗುತ್ತದೆ. ನಾನು ತೆಗೆದು ನೋಡಿದೆ, ಚೆನ್ನಾಗಿದೆ. ಅಲ್ಲಲ್ಲಿ ತಿದ್ದಬೇಕಿತ್ತು, ತಿದ್ದಿಕೊಟ್ಟೆ. ಇಂಥದ್ದು ಹಳೇ ಕಟ್ಟಡದಲ್ಲಿ ಆಗುವುದು ಸಾಧ್ಯವೇ ಇರಲಿಲ್ಲ. ಆಗಲೂ ಒಳ್ಳೇ ಮನಸ್ಸಿನ ಸೀನಿಯರ್‌ಗಳು ಇದ್ದರು. ಕೂರುವುದಕ್ಕೆ ಜಾಗ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಮೂಟ್ ಕೋರ್ಟ್ ಹಾಲ್ ಬಗ್ಗೆ ಸ್ವಲ್ಪ ಬೇಸರ ಇದೆ. ಕಟ್ಟಿದ್ದು ಬಹಳ ಚೆನ್ನಾಗಿ. ಎತ್ತರದ ಪೀಠ, ಎರಡು ಕಡೆ ವಕೀಲರ ಮೇಜು, ಸಾಕ್ಷಿ ಕಟಕಟೆ, ಹಿಂದೆ ಗ್ಯಾಲರಿ. ಆದರೆ ಶುರುವಿನಲ್ಲಿ ಅದಕ್ಕೆ ಸದಾ ಬೀಗ. ಅತಿಥಿಗಳು ಬಂದಾಗ ತೆಗೆಯುವುದು, ಫೋಟೋ ಆದ ಮೇಲೆ ಮತ್ತೆ ಬೀಗ. ಪಾಲಿಶ್ ಹಾಳಾಗುತ್ತದೆ, ಮೈಕ್ ಕೆಡುತ್ತದೆ ಅಂತ ಕಾರಣ. ವಿದ್ಯಾರ್ಥಿಗಳು ಖಾಲಿ ಕ್ಲಾಸ್ ರೂಮಿನಲ್ಲಿ ಬೆಂಚು ಸರಿಸಿಕೊಂಡು ಪ್ರಾಕ್ಟೀಸ್ ಮಾಡುತ್ತಿದ್ದರು. ಬಾರ್ ಕೌನ್ಸಿಲ್ ನಿಯಮದ ಪ್ರಕಾರ ಮೂಟ್ ಕೋರ್ಟ್ ಪೇಪರ್‌ನಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಮೂರು ಮೂಟ್ ಮಾಡಬೇಕು, ಒಂದೊಂದಕ್ಕೆ 10 ಅಂಕ. ಎರಡು ವಿಚಾರಣೆಗಳನ್ನು ಕೋರ್ಟಿಗೆ ಹೋಗಿ ನೋಡಿ ಡೈರಿ ಬರೆಯುವುದಕ್ಕೆ 30. ಅಂದರೆ ಮೂಟ್ ಕೋರ್ಟ್ ಸ್ಪರ್ಧೆಗೆ ಹೋಗುವ ನಾಲ್ಕು ಜನ ಚುರುಕಾದವರಿಗೆ ಮಾತ್ರ ಇರುವುದಲ್ಲ, ಎಲ್ಲರ ಹಕ್ಕು ಅದು. ಇದನ್ನೇ ಬರೆದು, ನಿಯಮದ ಪ್ರತಿ ಲಗತ್ತಿಸಿ, ಎಲ್ಲರೂ ಸಹಿ ಮಾಡಿ ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟರು. ಗಲಾಟೆ ಇಲ್ಲ, ಘೋಷಣೆ ಇಲ್ಲ. ಅರ್ಜಿಯ ಡ್ರಾಫ್ಟಿಂಗ್ ನೋಡಿ ನನಗೆ ಖುಷಿಯಾಯಿತು, ಒಂದು ಪದ ಜಾಸ್ತಿ ಇರಲಿಲ್ಲ. ಈಗ ವಾರದಲ್ಲಿ ಕೆಲವು ಸಂಜೆ ಹಾಲ್ ತೆಗೆಯುತ್ತಾರೆ, ಕೀಲಿ ವಿದ್ಯಾರ್ಥಿ ಸಮಿತಿಯ ಕೈಗೇ ಕೊಡುತ್ತಾರೆ. ಪಾಲಿಶ್ ಹಾಗೇ ಇದೆ.

ಅಲ್ಲಿ ನಡೆದ ಒಂದು ಅಭ್ಯಾಸದ ಮೂಟ್‌ಗೆ ನಾನು ಜಡ್ಜ್ ಆಗಿ ಕೂತಿದ್ದೆ. ವಿಷಯ ಖಾಸಗಿ ಕಾಲೇಜುಗಳ ಶುಲ್ಕ. ಇದರಲ್ಲಿ ಮೋಹಿನಿ ಜೈನ್ ಕೇಸು ಬರದೆ ಇರುವುದಿಲ್ಲ. 1992ರ ಸುಪ್ರೀಂ ಕೋರ್ಟ್ ತೀರ್ಪು. ತುಮಕೂರಿನ ಒಂದು ಖಾಸಗಿ ಮೆಡಿಕಲ್ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಹೊರ ರಾಜ್ಯದವರಿಗೆ 60,000ದವರೆಗೆ ಶುಲ್ಕ ಇತ್ತು. ಉತ್ತರ ಪ್ರದೇಶದ ವಿದ್ಯಾರ್ಥಿನಿ ಮೋಹಿನಿ ಜೈನ್ ಕಟ್ಟಲಾಗದೆ ಕೋರ್ಟಿಗೆ ಹೋದರು. ಶಿಕ್ಷಣ ಒಂದು ಹಕ್ಕು ಅಂತ ಕೋರ್ಟ್ ಹೇಳಿತು. ಮರುವರ್ಷ ಉನ್ನಿಕೃಷ್ಣನ್ ಕೇಸಿನಲ್ಲಿ ಅದನ್ನು 14 ವರ್ಷದವರೆಗಿನ ಮಕ್ಕಳಿಗೆ ಸೀಮಿತ ಮಾಡಿತು. 2002ರಲ್ಲಿ ಮತ್ತೆ ಕರ್ನಾಟಕದಿಂದಲೇ ಹೋದ ಟಿ.ಎಂ.ಎ. ಪೈ ಫೌಂಡೇಶನ್ ಕೇಸಿನಲ್ಲಿ 11 ನ್ಯಾಯಮೂರ್ತಿಗಳ ಪೀಠ ಖಾಸಗಿ ಕಾಲೇಜುಗಳಿಗೆ ಹೆಚ್ಚು ಸ್ವಾತಂತ್ರ್ಯ ಕೊಟ್ಟಿತು. ವಾದ ಮಾಡಿದ ಹುಡುಗ ತುಮಕೂರಿನವನೇ. ತನ್ನ ಊರಿನಿಂದ ಶುರುವಾದ ಕೇಸು ದೇಶದ ಎಲ್ಲ ಲಾ ಪುಸ್ತಕದಲ್ಲೂ ಇದೆ ಅನ್ನುವುದು ಅವನಿಗೆ ಗೊತ್ತಾಗಿದ್ದು ಆ ವಾರ. ಮುಂದಿನ ಸಾಲಿನಲ್ಲಿ ಕೂತಿದ್ದ ಫ್ರೆಂಡ್ಸ್ ಪೆನ್ನಲ್ಲಿ ಚೀಟಿ ಬರೆದು ಪಾಯಿಂಟ್ ಕೊಡುತ್ತಿದ್ದರು. ನಿಜವಾದ ಕೋರ್ಟಿನಲ್ಲೂ ಜೂನಿಯರ್‌ಗಳು ಹೀಗೇ ಮಾಡುತ್ತೇವೆ, ಹಾಗಾಗಿ ತಡೆಯಲಿಲ್ಲ.

ಈಗ ಲೀಗಲ್ ಏಡ್ ರೂಮು. ನೆಲಮಹಡಿಯಲ್ಲಿ, ಗೇಟಿನ ಪಕ್ಕ, ರಸ್ತೆಗೆ ಬಾಗಿಲು. ಪ್ಲಾನ್‌ನಲ್ಲಿ ಇದು ಮೂರನೇ ಮಹಡಿಯಲ್ಲಿತ್ತಂತೆ. ಇಬ್ಬರು ಅಧ್ಯಾಪಕರು ಪಟ್ಟು ಹಿಡಿದು ಕೆಳಗೆ ತರಿಸಿದರು. ಇಡೀ ಕಟ್ಟಡದಲ್ಲಿ ಅತ್ಯಂತ ಒಳ್ಳೇ ತೀರ್ಮಾನ ಇದು ಅಂತ ನನ್ನ ಅಭಿಪ್ರಾಯ. ಗಾಜಿನ ಕಟ್ಟಡದ ಒಳಗೆ ಬಂದು, ಸೆಕ್ಯುರಿಟಿ ಹತ್ತಿರ ಹೆಸರು ಬರೆಸಿ, ಲಿಫ್ಟ್ ಹತ್ತಿ ಮೂರನೇ ಮಹಡಿಗೆ ಬರುವ ಧೈರ್ಯ ಬೀದಿಯಲ್ಲಿ ಹೂವು ಮಾರುವವರಿಗೆ ಇರುತ್ತದಾ? ರಸ್ತೆಗೇ ಬಾಗಿಲಿದ್ದರೆ ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ.

ಬರುವ ಸಮಸ್ಯೆಗಳು ನಮ್ಮ ಊರಿನವೇ. ಬಾಡಿಗೆ ಅಡ್ವಾನ್ಸ್ ವಾಪಸ್ ಕೊಡದ ಓನರ್, ನಿಂತುಹೋದ ವಿಧವಾ ಪಿಂಚಣಿ, ಹೆಸರು ತಪ್ಪಾಗಿರುವ ಖಾತಾ, ಸಂಬಳ ಕೊಡದ ಕಂಟ್ರಾಕ್ಟರ್. ಒಬ್ಬ ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಗಳು ಮನೆ ಖಾಲಿ ಮಾಡಿ ತಿಂಗಳುಗಟ್ಟಲೆ ಆದರೂ ಅಡ್ವಾನ್ಸ್ ಬಂದಿರಲಿಲ್ಲ. 11 ತಿಂಗಳ ಅಗ್ರಿಮೆಂಟು, ನೋಂದಣಿ ಬೇಡ ಅಂತಲೇ ಎಲ್ಲರೂ ಹಾಗೆ ಮಾಡುವುದಲ್ವಾ. ಕೈಯಲ್ಲಿ ಅದರ ಜೆರಾಕ್ಸ್ ಮಾತ್ರ. ವಕೀಲರಿಗೆ ಕೊಡುವುದಕ್ಕೆ ದುಡ್ಡಿಲ್ಲ ಅಂತ ಸುಮ್ಮನಿದ್ದರು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಮಕ್ಕಳಿಗೆ, ಅಂಗವಿಕಲರಿಗೆ, ಕಾರ್ಮಿಕರಿಗೆ, ಜೈಲಿನಲ್ಲಿರುವವರಿಗೂ ಅಷ್ಟೇ. ಸಹಾಯವಾಣಿ 15100ಗೆ ಫೋನ್ ಮಾಡಿದರೂ ಸಾಕು. ಆ ಹೆಣ್ಣುಮಗಳಿಗೆ ಇದು ಗೊತ್ತಿರಲಿಲ್ಲ. ನಿಜ ಹೇಳಬೇಕಂದರೆ ಓದಿದವರಲ್ಲೂ ಬಹಳ ಜನಕ್ಕೆ ಗೊತ್ತಿಲ್ಲ.

ವಿದ್ಯಾರ್ಥಿಗಳು ಕೋರ್ಟಿನಲ್ಲಿ ವಾದ ಮಾಡುವಂತಿಲ್ಲ, ಬಾರ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸುವವರೆಗೆ ವಕಾಲತ್ತು ಹಾಕುವಂತಿಲ್ಲ. ಆದರೆ ಕೇಳಿಸಿಕೊಳ್ಳಬಹುದು, ಕಾಗದ ಪತ್ರ ಜೋಡಿಸಬಹುದು, ಅರ್ಜಿ ಬರೆದುಕೊಡಬಹುದು, ಜೊತೆಗೆ ಹೋಗಬಹುದು. ಇಬ್ಬರು ಹುಡುಗಿಯರು ದಿನಾಂಕವಾರು ಎಲ್ಲ ಬರೆದುಕೊಂಡು, ಬಾಡಿಗೆ ಕಟ್ಟಿದ ಮೊಬೈಲ್ ಮೆಸೇಜುಗಳನ್ನೆಲ್ಲ ಪ್ರಿಂಟ್ ತೆಗೆಸಿ, ಆಕೆಯನ್ನು ಕಾನೂನು ಸೇವಾ ಪ್ರಾಧಿಕಾರಕ್ಕೆ ಕರೆದುಕೊಂಡು ಹೋದರು. ಕೇಸು ಹಾಕುವ ಮುಂಚೆಯೇ ರಾಜಿಗೆ ಕರೆಸುವ ವ್ಯವಸ್ಥೆ ಅಲ್ಲಿದೆ. ಓನರ್ ಬಂದರು. ಪೇಂಟಿಂಗ್ ಖರ್ಚು ಅಂತ ಸ್ವಲ್ಪ ಹಿಡಿದುಕೊಂಡು ಮಿಕ್ಕಿದ್ದು ಕೊಟ್ಟರು. ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯ ಬೆಲೆ ಇದೆ, ಅದರ ಮೇಲೆ ಅಪೀಲು ಇಲ್ಲ. ಆ ಇಬ್ಬರೂ ಇದನ್ನು ಪರೀಕ್ಷೆಗೆ ಓದಿದ್ದರು. ಈಗ ಕಣ್ಣಾರೆ ನೋಡಿದರು. ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಬರೆಯುವುದರಲ್ಲಂತೂ ಆ ರೂಮಿನವರು ಪಳಗಿಬಿಟ್ಟಿದ್ದಾರೆ. ಹತ್ತು ರೂಪಾಯಿ ಶುಲ್ಕ, 30 ದಿನದ ಗಡುವು, ಕರ್ನಾಟಕದಲ್ಲಿ 150 ಪದದ ಮಿತಿ. ಒಬ್ಬರ ಇಡೀ ಗೋಳನ್ನು 150 ಪದದಲ್ಲಿ ಕನ್ನಡದಲ್ಲಿ ಬರೆಯುವುದು ನನ್ನ ಡ್ರಾಫ್ಟಿಂಗ್ ಕ್ಲಾಸಿಗಿಂತ ಒಳ್ಳೇ ತರಬೇತಿ.

ಕಟ್ಟಡದಲ್ಲಿ ತಪ್ಪುಗಳಿವೆ. ಪಶ್ಚಿಮಕ್ಕೆ ಅಷ್ಟು ಗಾಜು ಬೇಕಿರಲಿಲ್ಲ, ಮಾರ್ಚ್, ಏಪ್ರಿಲ್‌ನಲ್ಲಿ ಮಧ್ಯಾಹ್ನ ಆ ಕ್ಲಾಸುಗಳಲ್ಲಿ ಕೂರಲು ಆಗುವುದಿಲ್ಲ. ಬೆಂಗಳೂರಿನ ಹವೆಗೆ ಕಿಟಕಿ, ಸಜ್ಜೆ, ಮರ ಸಾಕು. ಮೂಟ್ ಹಾಲಿನಲ್ಲಿ ದನಿ ಪ್ರತಿಧ್ವನಿಸುತ್ತದೆ. ಕ್ಯಾಂಟೀನ್ ಚಿಕ್ಕದು. ಆದರೆ ರ‍್ಯಾಂಪ್ ಸರಿಯಾಗಿ ಮಾಡಿದ್ದಾರೆ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಅನ್ನುವ ಲೆಕ್ಕ ಪಾಲಿಸಿದ್ದಾರೆ. ವೀಲ್‌ಚೇರ್‌ನಲ್ಲಿ ಬರುವ ಒಬ್ಬ ಹುಡುಗ ಇದ್ದಾನೆ. ಹಳೇ ಕಟ್ಟಡದಲ್ಲಿ ಅವನನ್ನು ಫ್ರೆಂಡ್ಸ್ ಎತ್ತಿಕೊಂಡು ಮೆಟ್ಟಿಲು ಹತ್ತಿಸುತ್ತಿದ್ದರು. ಅವರು ಪ್ರೀತಿಯಿಂದಲೇ ಮಾಡುತ್ತಿದ್ದರು, ಆದರೆ ಅವನಿಗೆ ಅದು ಇಷ್ಟ ಇರಲಿಲ್ಲ ಅಂತ ಈಗ ಹೇಳುತ್ತಾನೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದನ್ನು ಹಕ್ಕು ಅಂತ ಹೇಳಿದೆ. ಅವನೀಗ ಯಾರನ್ನೂ ಕೇಳದೆ ಲೈಬ್ರರಿಗೆ ಹೋಗಿ ಬರುತ್ತಾನೆ, ಎಲ್ಲರಿಗಿಂತ ಜಾಸ್ತಿ ಹೊತ್ತು ಅಲ್ಲೇ ಇರುತ್ತಾನೆ.

ಇಷ್ಟೆಲ್ಲ ಬರೆಯಲು ಕಾರಣ ಮೊನ್ನೆ ಹಾಕಿದ ಒಂದು ನೋಟಿಸ್. ಸಂಜೆ ಐದಕ್ಕೆ ಕಾರಿಡಾರು, ಲೈಬ್ರರಿ, ಎಲ್ಲ ಬಂದ್. ಭದ್ರತೆ, ಕರೆಂಟ್ ಖರ್ಚು ಅಂತ ಕಾರಣ ಕೊಟ್ಟಿದ್ದಾರೆ. ಬೆಳಗ್ಗೆ ಕ್ಲಾಸು, ಮಧ್ಯಾಹ್ನ ಯಾವುದೋ ಆಫೀಸಿನಲ್ಲೋ ವಕೀಲರ ಹತ್ತಿರವೋ ಕೆಲಸ, ಹೀಗಿರುವ ನಮ್ಮ ವಿದ್ಯಾರ್ಥಿಗಳಿಗೆ ಸಿಗುವುದೇ ಐದು ಗಂಟೆಯ ನಂತರ. ಸಿಟಿ ಸಿವಿಲ್ ಕೋರ್ಟಿನಲ್ಲಿ ವಿಚಾರಣೆ ನೋಡಲು ಹೋದವರು ಮೆಟ್ರೊ ಹತ್ತಿ ವಾಪಸ್ ಬರುವ ಹೊತ್ತಿಗೆ ಗೇಟು ಹಾಕಿರುತ್ತದೆ. ಬಾರ್ ಕೌನ್ಸಿಲ್‌ನ ಅದೇ 2008ರ ನಿಯಮಗಳಲ್ಲಿ ಕ್ಲಾಸುಗಳು ಬೆಳಗ್ಗೆ 8ರಿಂದ ಸಂಜೆ 7ರವರೆಗೆ, ಲೈಬ್ರರಿ ರಾತ್ರಿ 10ರವರೆಗೆ ತೆರೆದಿರಬಹುದು ಅಂತ ಇದೆ. ನಿಯಮ ಕೊಟ್ಟಿರುವ ಐದು ಗಂಟೆ ಹೊತ್ತನ್ನು ನಾವೇ ಯಾಕೆ ಕಿತ್ತುಕೊಳ್ಳಬೇಕು?

ಭದ್ರತೆ ಸಣ್ಣ ವಿಷಯ ಅಂತ ನಾನು ಹೇಳುವುದಿಲ್ಲ. ಗೇಟಿನಿಂದ ಬಸ್ ಸ್ಟಾಪ್‌ವರೆಗೆ ರಸ್ತೆ ಕತ್ತಲು. ಹೆಣ್ಣುಮಕ್ಕಳ ಮನೆಯವರು ಹೆದರುವುದು ಸಹಜ. ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ದುಡ್ಡಿನ ಚಿಂತೆ ಇಲ್ಲ, ಆದರೆ ಬಸ್ ಸ್ಟಾಪಿಗೆ ಹೋಗುವುದೇ ಕಷ್ಟವಾದರೆ ಏನು ಪ್ರಯೋಜನ. ಅದಕ್ಕೆ ಪರಿಹಾರ ದೀಪ ಹಾಕಿಸುವುದು, ಇನ್ನೊಬ್ಬ ಗಾರ್ಡ್ ಇಡುವುದು, ಎಂಟು ಗಂಟೆಗೆ ಎಲ್ಲರೂ ಒಟ್ಟಿಗೆ ಹೊರಡುವಂತೆ ಮಾಡುವುದು. ಬೀದಿ ದೀಪಕ್ಕೆ ಪಾಲಿಕೆಗೆ ಅರ್ಜಿ ಆಗಲೇ ಹೋಗಿದೆ, ಲೀಗಲ್ ಏಡ್ ರೂಮಿನವರೇ ಬರೆದಿದ್ದು. ಹುಡುಗಿಯರನ್ನು ಬೇಗ ಮನೆಗೆ ಕಳಿಸಿಬಿಟ್ಟರೆ ಓದಿನಲ್ಲಿ ಹಿಂದೆ ಬೀಳುವವರು ಅವರೇ. ಹುಡುಗರು ಹೇಗೂ ಪಿ.ಜಿ.ಯಲ್ಲಿ ಗುಂಪು ಸೇರಿ ಓದುತ್ತಾರೆ.

ಆಡಳಿತ ಮಂಡಳಿಗೆ ಹಳೇ ವಿದ್ಯಾರ್ಥಿಗಳ ಪರವಾಗಿ ಒಂದು ಪತ್ರ ಸಿದ್ಧ ಮಾಡಿದ್ದೇವೆ. ಲೈಬ್ರರಿ, ಕಾರಿಡಾರು ಎರಡೂ ರಾತ್ರಿ ಎಂಟರವರೆಗೆ, ಪರೀಕ್ಷೆ ಸಮಯದಲ್ಲಿ ಹತ್ತರವರೆಗೆ ತೆರೆದಿಡಿ ಅಂತ ಕೇಳಿದ್ದೇವೆ. ಇನ್ನೊಬ್ಬ ಗಾರ್ಡ್‌ನ ಮೊದಲ ವರ್ಷದ ಸಂಬಳ ನಾವೇ ಸೇರಿಸಿ ಕೊಡುತ್ತೇವೆ ಅಂತಲೂ ಬರೆದಿದ್ದೇವೆ. ನಮ್ಮ ಕಾಲೇಜಿನವರು ಇದನ್ನು ಓದುತ್ತಿದ್ದರೆ ದಯವಿಟ್ಟು ಸಹಿ ಮಾಡಿ, ಪತ್ರದ ಪ್ರತಿ ನಿಮ್ಮ ಬ್ಯಾಚಿನ ಗ್ರೂಪಿಗೆ ಬರುತ್ತದೆ. ವಕೀಲಿಕೆಯಲ್ಲಿ ಇರುವವರು ಎರಡನೇ ಶನಿವಾರ ಕೋರ್ಟ್ ರಜೆ ಇರುವಾಗ ಲೀಗಲ್ ಏಡ್ ರೂಮಿಗೆ ಬಂದು ಕೂರಿ. ವಿದ್ಯಾರ್ಥಿಗಳು ಬರೆದ ನೋಟಿಸ್‌ಗಳನ್ನು ನೋಡಿ ತಿದ್ದುವವರು ಬೇಕಾಗಿದ್ದಾರೆ. ಹಳೇ ಪುಸ್ತಕ ಕೊಡುವವರಿಗೆ ಒಂದು ಮಾತು, ಐಪಿಸಿ, ಸಿಆರ್‌ಪಿಸಿ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ, ಅವು ಇನ್ನೂ ಬೇಕು. ಕನ್ನಡದ ಬೇರ್ ಆಕ್ಟ್‌ಗಳು ಇದ್ದರಂತೂ ಮೊದಲು ಅವನ್ನೇ ತನ್ನಿ.